ಮಗು ಯಾರ ಹತ್ರ ಇರಬೇಕು, ಖರ್ಚು ಯಾರು ಕೊಡಬೇಕು: ಇವು ಎರಡು ಬೇರೆ ಪ್ರಶ್ನೆಗಳು

"ಮಗೂನ ನೀನೇ ಇಟ್ಕೊ, ಆದ್ರೆ ದುಡ್ಡು ಕೇಳ್ಬೇಡ."

"ಖರ್ಚಿಗೆ ಕಾಸು ಕೊಡದೋನು ಮಗು ಮುಖ ನೋಡೋಕೆ ಯಾಕೆ ಬರ್ಬೇಕು?"

ನಮ್ಮ ಚುಂಚನಕಟ್ಟೆ ಕಡೆ, ಹಾಗೆ ನೋಡಿದರೆ ಕೆ.ಆರ್. ನಗರ, ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಎಲ್ಲಾ ಕಡೆ, ಗಂಡ-ಹೆಂಡತಿ ಬೇರೆಯಾಗುವ ವಿಷಯ ನ್ಯಾಯಕ್ಕೆ ಬಂದಾಗ ಈ ಎರಡರಲ್ಲಿ ಒಂದು ಮಾತು ಕೇಳದೇ ಇರಲ್ಲ. ಮೊದಲನೆಯದನ್ನು ಗಂಡಿನ ಕಡೆಯವರು ಹೇಳ್ತಾರೆ, ಎರಡನೆಯದನ್ನು ಹೆಣ್ಣಿನ ಕಡೆಯವರು. ಜಗಲಿ ಮೇಲೆ ಕೂತ ಹಿರಿಯರಿಗೂ ಇದು ಸರಿಯಾದ ಲೆಕ್ಕದ ಹಾಗೇ ಕಾಣುತ್ತೆ: ಒಬ್ಬರಿಗೆ ಮಗು, ಇನ್ನೊಬ್ಬರಿಗೆ ದುಡ್ಡಿನ ಉಳಿತಾಯ. ವ್ಯವಹಾರ ಚುಕ್ತಾ.

ಕಾನೂನಿನ ಪ್ರಕಾರ ಎರಡೂ ಮಾತು ತಪ್ಪು. ಮಗುವಿನ ಸುಪರ್ದಿ ಒಂದು ಪ್ರಶ್ನೆ, ಮಗುವಿನ ಜೀವನಾಂಶ ಇನ್ನೊಂದು ಪ್ರಶ್ನೆ. ಎರಡರಲ್ಲೂ ಹಕ್ಕುದಾರ ಮಗುವೇ. ಆದ್ದರಿಂದ ಒಂದನ್ನು ಕೊಟ್ಟು ಇನ್ನೊಂದನ್ನು ಬಿಡಿಸಿಕೊಳ್ಳುವ ಅಧಿಕಾರ ಅಪ್ಪನಿಗೂ ಇಲ್ಲ, ಅಮ್ಮನಿಗೂ ಇಲ್ಲ. ಈ ಎರಡು ಪ್ರಶ್ನೆಗಳು ಎಲ್ಲಿ ಬೇರೆ, ಎಲ್ಲಿ ಒಂದನ್ನೊಂದು ಮುಟ್ಟುತ್ತವೆ, ನಮ್ಮಂಥ ಊರುಗಳಲ್ಲಿ ಅದನ್ನು ಹೇಗೆ ಕೇಳಿ ಪಡೆಯಬಹುದು ಅನ್ನೋದನ್ನ ಇಲ್ಲಿ ಒಂದೊಂದಾಗಿ ಬರೆದಿದ್ದೇನೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ

ಇದು ನಾನು ಕಲ್ಪಿಸಿಕೊಂಡ ಉದಾಹರಣೆ. ಹುಣಸೂರು ಕಡೆಯ ಒಬ್ಬ ಹೊಗೆಸೊಪ್ಪು ಬೆಳೆಗಾರ. ಹೆಂಡತಿಯ ತವರು ಚುಂಚನಕಟ್ಟೆ. ಏಳು ವರ್ಷದ ಮಗಳು. ಜಗಳವಾಗಿ ಹೆಂಡತಿ ಮಗಳನ್ನು ಕರೆದುಕೊಂಡು ತವರಿಗೆ ಬಂದಿದ್ದಾಳೆ, ಮಗಳು ಈಗ ಇಲ್ಲಿನ ಶಾಲೆಗೆ ಹೋಗ್ತಿದ್ದಾಳೆ. ಅಪ್ಪ ಹೇಳ್ತಾನೆ: "ನನ್ನ ಮನೇಲಿದ್ರೆ ಸಾಕ್ತೀನಿ, ಅಲ್ಲಿದ್ರೆ ಒಂದು ರೂಪಾಯಿ ಕೊಡಲ್ಲ."

ಇಲ್ಲಿ ಮೂರು ವಿಷಯ ಒಂದಕ್ಕೊಂದು ಸಿಕ್ಕಿಕೊಂಡಿವೆ: ಮಗಳು ಎಲ್ಲಿರಬೇಕು, ಇನ್ನೊಬ್ಬರನ್ನು ಯಾವಾಗ ನೋಡಬೇಕು, ಅವಳ ಖರ್ಚು ಯಾರು ಎಷ್ಟು ಕೊಡಬೇಕು. ಮೂರನ್ನೂ ಬಿಡಿಸಿ ನೋಡೋಣ.

ಮಗು ಯಾರ ಹತ್ರ?

ಹಿಂದೂ ಅಪ್ರಾಪ್ತತೆ ಮತ್ತು ಪಾಲಕತ್ವ ಕಾಯ್ದೆ, 1956ರ ಸೆಕ್ಷನ್ 6ರ ಪ್ರಕಾರ ಮಗುವಿನ ಸಹಜ ಪಾಲಕ ತಂದೆ, ಅವನ 'ನಂತರ' ತಾಯಿ. ಐದು ವರ್ಷ ತುಂಬದ ಮಗುವಿನ ಸುಪರ್ದಿ ಸಾಮಾನ್ಯವಾಗಿ ತಾಯಿಯದು. ಈ 'ನಂತರ' ಅನ್ನೋ ಪದವನ್ನು ಲೇಖಕಿ ಗೀತಾ ಹರಿಹರನ್ ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದರು. 1999ರಲ್ಲಿ ಬಂದ ತೀರ್ಪು, 'ನಂತರ' ಅಂದರೆ ತಂದೆ ಸತ್ತ ಮೇಲೆ ಅಂತಲೇ ಅರ್ಥ ಮಾಡಬೇಕಿಲ್ಲ, ತಂದೆ ಮಗುವಿನ ಜವಾಬ್ದಾರಿ ಹೊರದೆ ದೂರ ಇದ್ದಾಗಲೂ ತಾಯಿ ಸಹಜ ಪಾಲಕಳಾಗಬಹುದು ಅಂತ ಹೇಳಿತು.

ಪಾಲಕತ್ವ ಮತ್ತು ಸುಪರ್ದಿ ಬೇರೆ ಬೇರೆ ಅನ್ನೋದು ನೆನಪಿರಲಿ. ಮಗುವಿನ ಆಸ್ತಿ, ದಾಖಲೆ, ದೊಡ್ಡ ತೀರ್ಮಾನಗಳ ವಿಚಾರ ಪಾಲಕತ್ವ. ಮಗು ದಿನನಿತ್ಯ ಯಾರ ಮನೆಯಲ್ಲಿ ಉಂಡು ಮಲಗುತ್ತೆ ಅನ್ನೋದು ಸುಪರ್ದಿ.

ಸುಪರ್ದಿ ವ್ಯಾಜ್ಯದಲ್ಲಿ ಕೋರ್ಟು ಅಂತಿಮವಾಗಿ ನೋಡೋದು ಮಗುವಿನ ಹಿತವನ್ನು. 1956ರ ಕಾಯ್ದೆಯ ಸೆಕ್ಷನ್ 13 ಇದನ್ನೇ ಹೇಳುತ್ತೆ. ಪಾಲಕರು ಮತ್ತು ಪಾಲ್ಯರ ಕಾಯ್ದೆ, 1890ರ ಸೆಕ್ಷನ್ 17 ಕೂಡ ಮಗುವಿನ ವಯಸ್ಸು, ಲಿಂಗ, ಪಾಲಕರ ನಡತೆ ನೋಡಬೇಕು, ಬುದ್ಧಿ ತಿಳಿದ ಮಗುವಾದರೆ ಅದರ ಇಷ್ಟವನ್ನೂ ಪರಿಗಣಿಸಬಹುದು ಅನ್ನುತ್ತೆ. ಈ ಕಾಯ್ದೆಯಡಿ ಅರ್ಜಿ ಹಾಕಬೇಕಾದದ್ದು ಮಗು ಸಾಮಾನ್ಯವಾಗಿ ವಾಸವಿರುವ ಜಾಗದ ವ್ಯಾಪ್ತಿಯ ಕೋರ್ಟಿನಲ್ಲಿ.

ಇಲ್ಲಿ "ಯಾರ ಹತ್ರ ಹೆಚ್ಚು ಜಮೀನಿದೆ" ಅನ್ನೋದು ತೀರ್ಮಾನದ ಅಳತೆಗೋಲು ಆಗಲ್ಲ. ಆರ್ಥಿಕ ಸ್ಥಿತಿ ಪರಿಗಣಿಸುವ ಹಲವು ಅಂಶಗಳಲ್ಲಿ ಒಂದು, ಅಷ್ಟೇ. ಅಮ್ಮ ಕೂಲಿಗೆ ಹೋಗ್ತಾಳೆ, ಅಪ್ಪನಿಗೆ ನಾಲ್ಕು ಎಕರೆ ನೀರಾವರಿ ಇದೆ ಅನ್ನೋ ಒಂದೇ ಕಾರಣಕ್ಕೆ ಮಗು ಅಪ್ಪನ ಪಾಲಾಗಲ್ಲ.

ಈ ಇಡೀ ಲೇಖನದಲ್ಲಿ ನನಗೆ ಮುಖ್ಯ ಅನ್ನಿಸುವ ವಿಷಯ ಇದೇ. ಜೀವನಾಂಶ ಅನ್ನೋ ವ್ಯವಸ್ಥೆ ಇರೋದರಿಂದಲೇ ಬಡವಳಾದ ಅಮ್ಮನ ಹತ್ರಾನೂ ಮಗು ಇರೋಕೆ ಸಾಧ್ಯ. ಆ ದುಡ್ಡನ್ನು ತಡೆದರೆ, ಕೋರ್ಟು ಯಾರಿಗೆ ಸುಪರ್ದಿ ಕೊಟ್ಟರೂ ಕೊನೆಗೆ ಮಗು ಎಲ್ಲಿರಬೇಕು ಅಂತ ತೀರ್ಮಾನ ಮಾಡೋದು ಬಡತನವೇ ಆಗುತ್ತೆ. ಪಂಚಾಯ್ತಿಯ ಆ ಮೊದಲ ಮಾತು ಮಾಡೋದು ಇದನ್ನೇ.

ಖರ್ಚು ಯಾರದು?

ಮಗುವಿನ ಜೀವನಾಂಶ ಕೇಳೋಕೆ ಹಲವು ದಾರಿಗಳಿವೆ.

ಒಂದು, ಹಿಂದೂ ವಿವಾಹ ಕಾಯ್ದೆ, 1955ರ ಸೆಕ್ಷನ್ 26. ವಿಚ್ಛೇದನದ ಕೇಸು ನಡೆಯುತ್ತಿರುವಾಗ, ಡಿಕ್ರಿ ಕೊಡುವಾಗ, ಡಿಕ್ರಿಯ ನಂತರವೂ ಮಕ್ಕಳ ಸುಪರ್ದಿ, ಜೀವನಾಂಶ, ಶಿಕ್ಷಣದ ಬಗ್ಗೆ ಆದೇಶ ಮಾಡಬಹುದು, ಬದಲಿಸಲೂಬಹುದು. ಕೇಸು ನಡೆಯುತ್ತಿರುವಾಗ ಮಕ್ಕಳ ಖರ್ಚಿಗಾಗಿ ಹಾಕಿದ ಅರ್ಜಿಯನ್ನು ನೋಟಿಸ್ ಜಾರಿಯಾದ 60 ದಿನಗಳೊಳಗೆ ಆದಷ್ಟು ಮಟ್ಟಿಗೆ ಇತ್ಯರ್ಥ ಮಾಡಬೇಕು ಅಂತ 2001ರ ತಿದ್ದುಪಡಿ ಹೇಳುತ್ತೆ.

ಎರಡು, ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆ, 1956ರ ಸೆಕ್ಷನ್ 20. ಗಮನಿಸಿ, ಇದು ತಂದೆ-ತಾಯಿ ಇಬ್ಬರ ಮೇಲೂ ಹೊಣೆ ಹೊರಿಸುತ್ತೆ. ಮದುವೆಯ ಹೊರಗೆ ಹುಟ್ಟಿದ ಮಗುವಿಗೂ ಹಕ್ಕಿದೆ. ತನ್ನನ್ನು ತಾನು ಸಾಕಿಕೊಳ್ಳಲಾಗದ ಮದುವೆಯಾಗದ ಮಗಳ ಹಕ್ಕು 18ಕ್ಕೇ ಮುಗಿಯಲ್ಲ.

ಮೂರು, ಎಲ್ಲ ಧರ್ಮದವರಿಗೂ ಅನ್ವಯಿಸುವ ದಾರಿ. ಹಳೇ ದಂಡ ಪ್ರಕ್ರಿಯಾ ಸಂಹಿತೆಯ ಸೆಕ್ಷನ್ 125, ಈಗ 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 144. ಇದಕ್ಕೆ ವಿಚ್ಛೇದನದ ಕೇಸು ಇರಲೇಬೇಕು ಅಂತಿಲ್ಲ. 2001ರ ತನಕ ಈ ಸೆಕ್ಷನ್ ಅಡಿ ತಿಂಗಳಿಗೆ 500 ರೂಪಾಯಿ ಮಿತಿ ಇತ್ತು, ಈಗ ಇಲ್ಲ. ಮುಸ್ಲಿಂ ದಂಪತಿ ವಿಚ್ಛೇದನವಾದ ಮೇಲೂ ಮಕ್ಕಳು ಇದರಡಿ ತಂದೆಯಿಂದ ಜೀವನಾಂಶ ಪಡೆಯಬಹುದು ಅಂತ ಸುಪ್ರೀಂ ಕೋರ್ಟ್ 1997ರಲ್ಲೇ ಹೇಳಿದೆ.

ನಾಲ್ಕು, ಮನೆಯಲ್ಲಿ ಹಿಂಸೆ ಇದ್ದರೆ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ, 2005. ಸೆಕ್ಷನ್ 20ರಲ್ಲಿ ಹಣದ ಪರಿಹಾರ, ಸೆಕ್ಷನ್ 21ರಲ್ಲಿ ಮಗುವಿನ ತಾತ್ಕಾಲಿಕ ಸುಪರ್ದಿ. ಕರ್ನಾಟಕದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ, ಅಂದರೆ ಅಂಗನವಾಡಿ ನೋಡಿಕೊಳ್ಳುವ ಸಿಡಿಪಿಒ, ಈ ಕಾಯ್ದೆಯ ಸಂರಕ್ಷಣಾಧಿಕಾರಿ.

ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾದವರಿಗೆ ಅದರ ಸೆಕ್ಷನ್ 38, ಕ್ರೈಸ್ತರಿಗೆ 1869ರ ವಿಚ್ಛೇದನ ಕಾಯ್ದೆಯಲ್ಲಿ ಇಂಥದ್ದೇ ಅವಕಾಶ ಇದೆ.

"ತಪ್ಪು ಅವಳದು, ದುಡ್ಡು ಯಾಕೆ ಕೊಡ್ಲಿ?"

ಇದು ಇನ್ನೊಂದು ಮಾತು. ಸೆಕ್ಷನ್ 144ರಲ್ಲಿ ಹೆಂಡತಿಯ ಜೀವನಾಂಶಕ್ಕೆ ಕೆಲವು ಅಡ್ಡಿಗಳಿವೆ. ಸರಿಯಾದ ಕಾರಣವಿಲ್ಲದೆ ಗಂಡನ ಜೊತೆ ಇರಲು ಒಪ್ಪದಿದ್ದರೆ, ವ್ಯಭಿಚಾರದಲ್ಲಿ ಬದುಕುತ್ತಿದ್ದಾಳೆ ಅಂತ ಸಾಬೀತಾದರೆ, ಇಬ್ಬರೂ ಒಪ್ಪಿ ಬೇರೆ ಇದ್ದರೆ ಅವಳಿಗೆ ಸಿಗದೇ ಹೋಗಬಹುದು. ಆದರೆ ಈ ಅಡ್ಡಿಗಳಲ್ಲಿ ಒಂದೂ ಮಗುವಿಗೆ ಅನ್ವಯಿಸಲ್ಲ. ನಮ್ಮ ಉದಾಹರಣೆಯಲ್ಲಿ ಹೆಂಡತಿಯದೇ ತಪ್ಪು ಅಂತ ನಾಳೆ ಕೋರ್ಟು ಹೇಳಿದರೂ ಏಳು ವರ್ಷದ ಮಗಳ ಅರ್ಜಿ ತನ್ನ ಕಾಲ ಮೇಲೆ ನಿಲ್ಲುತ್ತೆ. ಅಮ್ಮ ಬೇರೆ ಮದುವೆಯಾದರೂ ಅಪ್ಪನ ಹೊಣೆ ಅದರಿಂದಲೇ ಮುಗಿಯಲ್ಲ.

ಹಾಗಾಗಿ ಅರ್ಜಿ ಬರೆಸುವಾಗ ಅಮ್ಮನಿಗೆ ಎಷ್ಟು, ಮಗುವಿಗೆ ಎಷ್ಟು ಅಂತ ಬೇರೆ ಬೇರೆ ಬರೆಸಿ. ಒಟ್ಟಿಗೆ ಒಂದೇ ಮೊತ್ತ ಕೇಳಿದರೆ, ನಾಳೆ ಅಮ್ಮನ ಪಾಲಿನ ಬಗ್ಗೆ ತಕರಾರು ಬಂದಾಗ ಮಗುವಿನ ಪಾಲೂ ಗೊಂದಲಕ್ಕೆ ಬೀಳುತ್ತೆ.

ಪರಸ್ಪರ ಒಪ್ಪಿಗೆಯ ವಿಚ್ಛೇದನದಲ್ಲೂ ಇದೇ ಎಚ್ಚರ ಬೇಕು. "ಇನ್ನು ಮುಂದೆ ನನಗಾಗಲೀ ಮಗುವಿಗಾಗಲೀ ಏನೂ ಬೇಡ" ಅಂತ ಅಮ್ಮ ಸಹಿ ಹಾಕಿದರೂ ಮಗುವಿನ ಹಕ್ಕು ಅದರಿಂದ ಸಾಯಲ್ಲ, ಯಾಕಂದ್ರೆ ಅದು ಅವಳು ಬಿಟ್ಟುಕೊಡಬಹುದಾದ ಹಕ್ಕಲ್ಲ. ಇನ್ನು ಪಂಚಾಯ್ತಿಯಲ್ಲಿ ಛಾಪಾ ಕಾಗದದ ಮೇಲೆ ಬರೆಸುವ 'ಬಿಡುಗಡೆ ಪತ್ರ'. ನಿಮ್ಮ ಸಮುದಾಯದಲ್ಲಿ ರೂಢಿಯ ವಿಚ್ಛೇದನ ಇದೆ ಅಂತ ಸಾಬೀತು ಮಾಡಿದರೆ ಹೊರತು ಅದರಿಂದ ಮದುವೆಯೇ ಮುರಿಯಲ್ಲ, ಮಗುವಿನ ಜೀವನಾಂಶವಂತೂ ದೂರದ ಮಾತು.

ಆಸ್ತಿ ವಿಷಯವೂ ಹಾಗೇ. "ತಾಯಿ ಜೊತೆ ಹೋದ ಮಗುವಿಗೆ ಜಮೀನಲ್ಲಿ ಪಾಲಿಲ್ಲ" ಅನ್ನೋದು ಬೆದರಿಕೆ, ಅದಕ್ಕೆ ಕಾನೂನಿನ ಬೆಂಬಲ ಇಲ್ಲ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೂ, 2005ರ ತಿದ್ದುಪಡಿಯಿಂದ ಮಗಳಿಗೂ ಇರುವ ಹಕ್ಕು ಹುಟ್ಟಿನಿಂದ ಬಂದದ್ದು. ಸುಪರ್ದಿ ಯಾರಿಗೆ ಸಿಕ್ಕಿತು ಅನ್ನೋದರಿಂದ ಅದು ಬದಲಾಗಲ್ಲ.

ಎರಡೂ ಎಲ್ಲಿ ಮುಟ್ಟುತ್ತವೆ?

ಬೇರೆ ಬೇರೆ ಪ್ರಶ್ನೆಗಳು ಅಂದ ಮಾತ್ರಕ್ಕೆ ಸಂಬಂಧವೇ ಇಲ್ಲ ಅಂತಲ್ಲ. ಮಗು ಯಾರ ಹತ್ರ ಇದೆಯೋ ಅವರ ಕೈಗೆ ದುಡ್ಡು ಬರುತ್ತೆ. ಮಗು ಇಬ್ಬರ ಹತ್ರಾನೂ ಇದ್ದರೆ ಖರ್ಚಿನ ಹಂಚಿಕೆಯೂ ಬದಲಾಗುತ್ತೆ.

ಇದಕ್ಕೆ ನಮ್ಮ ರಾಜ್ಯದ್ದೇ ಉದಾಹರಣೆ ಇದೆ. 2013ರಲ್ಲಿ ಕರ್ನಾಟಕ ಹೈಕೋರ್ಟ್ 12 ವರ್ಷದ ಒಬ್ಬ ಹುಡುಗನ ಪ್ರಕರಣದಲ್ಲಿ ಜಂಟಿ ಸುಪರ್ದಿಯ ಆದೇಶ ಮಾಡಿತು. ಜನವರಿ 1ರಿಂದ ಜೂನ್ 30ರವರೆಗೆ ಅಪ್ಪನ ಜೊತೆ, ಜುಲೈ 1ರಿಂದ ಡಿಸೆಂಬರ್ 31ರವರೆಗೆ ಅಮ್ಮನ ಜೊತೆ. ಒಬ್ಬರ ಹತ್ರ ಇದ್ದಾಗ ಇನ್ನೊಬ್ಬರಿಗೆ ಶನಿವಾರ-ಭಾನುವಾರ ಭೇಟಿ, ಫೋನು ಮತ್ತು ವಿಡಿಯೋ ಕರೆಗೂ ಅವಕಾಶ. ಶಿಕ್ಷಣ ಮತ್ತಿತರ ಖರ್ಚು ಇಬ್ಬರೂ ಸಮವಾಗಿ ಹಂಚಿಕೊಳ್ಳಬೇಕು. ಕಾನೂನು ಆಯೋಗ 2015ರ ತನ್ನ 257ನೇ ವರದಿಯಲ್ಲಿ ಜಂಟಿ ಸುಪರ್ದಿಯ ಬಗ್ಗೆ ಬರೆಯುವಾಗ ಈ ತೀರ್ಪನ್ನೂ ಎತ್ತಿಕೊಂಡಿದೆ.

ಆದರೆ ಇದನ್ನು ಎಲ್ಲರಿಗೂ ಹೊಂದುವ ಅಚ್ಚು ಅಂತ ತಿಳಿಯಬಾರದು. ಸಮಪಾಲು ನ್ಯಾಯ ಆಗೋದು ಇಬ್ಬರ ಆದಾಯವೂ ಹತ್ತಿರ ಹತ್ತಿರ ಇದ್ದಾಗ. ಕೂಲಿ ಮಾಡುವ ಅಮ್ಮ, ಹೊಲ-ಗದ್ದೆ ಇರುವ ಅಪ್ಪ ಅರ್ಧರ್ಧ ಹಾಕಬೇಕು ಅಂದರೆ ಅದು ಅಮ್ಮನಿಗೆ ಹೊರೆ. ಸುಪ್ರೀಂ ಕೋರ್ಟ್ 2020ರ ನವೆಂಬರ್ 4ರ ಜೀವನಾಂಶದ ಮಾರ್ಗಸೂಚಿ ತೀರ್ಪಿನಲ್ಲಿ, ಮಕ್ಕಳ ಓದಿನ ಖರ್ಚನ್ನು ಸಾಮಾನ್ಯವಾಗಿ ತಂದೆ ಹೊರಬೇಕು, ತಾಯಿ ಸಾಕಷ್ಟು ದುಡಿಯುತ್ತಿದ್ದರೆ ಆದಾಯಕ್ಕೆ ತಕ್ಕ ಪ್ರಮಾಣದಲ್ಲಿ ಹಂಚಬಹುದು ಅಂದಿದೆ.

ಬ್ರಿಟನ್ನಿನಲ್ಲಿ ಇದು ಲೆಕ್ಕದ ಪಟ್ಟಿಯಂತೆ ಇದೆ. ಅಲ್ಲಿ ಮಕ್ಕಳ ಜೀವನಾಂಶಕ್ಕೇ ಒಂದು ಸರ್ಕಾರಿ ಸೇವೆ ಇದೆ. ದುಡ್ಡು ಕೊಡುವವರ ಮನೆಯಲ್ಲಿ ಮಗು ವರ್ಷಕ್ಕೆ 52 ರಾತ್ರಿ ಅಥವಾ ಹೆಚ್ಚು ತಂಗಿದರೆ ಮೊತ್ತ ಹಂತ ಹಂತವಾಗಿ ಕಡಿಮೆಯಾಗುತ್ತೆ. ನಮ್ಮಲ್ಲಿ ಅಂಥ ಸೂತ್ರ ಇಲ್ಲ. "ಸಂಬಳದ ಶೇ. 25 ಕೊಡಬೇಕಂತೆ" ಅನ್ನೋ ಮಾತು 2017ರ ಒಂದು ಸುಪ್ರೀಂ ಕೋರ್ಟ್ ತೀರ್ಪಿನಿಂದ ಹಬ್ಬಿದ್ದು. ಅದು ಹೆಂಡತಿಯ ಜೀವನಾಂಶದ ಕುರಿತು ಹೇಳಿದ್ದು, ಮಗುವಿಗೆ ನಿಗದಿಯಾದ ದರ ಅಲ್ಲ.

ಭೇಟಿ ಮತ್ತು ಬಾಕಿ

ದುಡ್ಡು ಕೊಡದ ಅಪ್ಪನಿಗೆ ಮಗು ತೋರಿಸಬೇಕಾ? ಕೋರ್ಟಿನ ಭೇಟಿ ಆದೇಶ ಇದ್ದರೆ ತೋರಿಸಲೇಬೇಕು. ಬಾಕಿ ವಸೂಲಿಗೆ ಬೇರೆ ದಾರಿ ಇದೆ. ಮಗು ತೋರಿಸದ ಅಮ್ಮನಿಗೆ ದುಡ್ಡು ನಿಲ್ಲಿಸಬಹುದಾ? ಅದೂ ಆಗಲ್ಲ. ಭೇಟಿ ಆದೇಶ ಜಾರಿ ಮಾಡಿಸಿ ಅಂತ ಕೋರ್ಟಿಗೆ ಹೋಗಬೇಕು. ಎರಡೂ ಕಡೆಯವರು ತಾವೇ ಜಪ್ತಿ ಅಧಿಕಾರಿಗಳಾದರೆ, ಜಪ್ತಿಯಾಗೋದು ಮಗು. ಮಗುವಿಗೆ ಅಪ್ಪ-ಅಮ್ಮ ಇಬ್ಬರ ಒಡನಾಟದ ಹಕ್ಕೂ ಇದೆ, ಊಟ-ಓದಿನ ಹಕ್ಕೂ ಇದೆ. ಅಪವಾದ ಒಂದೇ: ಭೇಟಿಯಿಂದ ಮಗುವಿಗೆ ಅಪಾಯ ಇದ್ದರೆ ತಡಮಾಡದೆ ಕೋರ್ಟಿಗೆ ತಿಳಿಸಿ ಆದೇಶ ಬದಲಾಯಿಸಿಕೊಳ್ಳಬೇಕು.

ಭೇಟಿಯ ಆದೇಶದಲ್ಲಿ 'ರಜಾ ದಿನಗಳಲ್ಲಿ' ಅಂತ ಮೊಟಕಾಗಿ ಬರೆಸಿದರೆ ಜಗಳಕ್ಕೆ ದಾರಿ. ದಸರಾ ರಜೆಯ ಎಷ್ಟು ದಿನ, ಬೇಸಿಗೆ ರಜೆಯ ಯಾವ ವಾರ, ಸಂಕ್ರಾಂತಿ ಹೊತ್ತಿನ ಚುಂಚನಕಟ್ಟೆ ಜಾತ್ರೆಗೆ ಯಾರ ಜೊತೆ, ಎಲ್ಲಿಂದ ಕರೆದೊಯ್ದು ಎಲ್ಲಿಗೆ ತಂದು ಬಿಡಬೇಕು ಅಂತ ಬಿಡಿಸಿ ಬರೆಸಿ.

ಬಾಕಿ ವಸೂಲಿಯ ದಾರಿ ಹೀಗಿದೆ. ಸೆಕ್ಷನ್ 144ರ ಆದೇಶ ಮುರಿದರೆ ಕೋರ್ಟು ವಾರಂಟ್ ಹೊರಡಿಸಿ ವಸೂಲಿ ಮಾಡಬಹುದು, ಪ್ರತಿ ತಿಂಗಳ ಬಾಕಿಗೆ ಒಂದು ತಿಂಗಳವರೆಗೆ ಸೆರೆವಾಸ ವಿಧಿಸಬಹುದು. ಜೈಲಿಗೆ ಹೋಗಿ ಬಂದರೆ ಸಾಲ ತೀರಿತು ಅನ್ನೋ ಹಾಗಿಲ್ಲ. ಸೆರೆವಾಸ ವಸೂಲಿಯ ಒಂದು ವಿಧಾನ ಅಷ್ಟೇ, ಬಾಕಿ ಬಾಕಿಯಾಗೇ ಉಳಿಯುತ್ತೆ ಅಂತ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಆದರೆ ಒಂದು ಗಡುವು ಇದೆ: ಈ ವಾರಂಟಿಗೆ, ಹಣ ಕೊಡಬೇಕಾದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. "ಇವತ್ತಲ್ಲ ನಾಳೆ ಕೊಡ್ತಾನೆ" ಅಂತ ಕಾದು ಈ ಗಡುವು ಕಳೆದುಕೊಳ್ಳಬೇಡಿ.

ಸಂಬಳದ ಚೀಟಿ ಇಲ್ಲದವನ ಆದಾಯ ತೋರಿಸೋದು ಹೇಗೆ?

ಬೆಂಗಳೂರಿನ ಐಟಿ ಉದ್ಯೋಗಿಯ ಕೇಸಿನಲ್ಲಿ ಸಂಬಳದ ಚೀಟಿ ಸಿಗುತ್ತೆ. ನಮ್ಮ ಕಡೆ "ನನಗೇನು ಆದಾಯ ಸ್ವಾಮಿ, ಮಳೆ ಇಲ್ಲ, ಬೆಳೆ ಇಲ್ಲ" ಅಂದರೆ ಮುಗಿದೇ ಹೋಯ್ತು ಅಂದುಕೊಳ್ತಾರೆ. ಹಾಗೇನಿಲ್ಲ. 2020ರ ಅದೇ ತೀರ್ಪು, ಎರಡೂ ಕಡೆಯವರು ಆಸ್ತಿ-ಸಾಲ-ಆದಾಯದ ಪ್ರಮಾಣಪತ್ರ ಸಲ್ಲಿಸಬೇಕು ಅಂತ ಕಡ್ಡಾಯ ಮಾಡಿತು. ಕೃಷಿಕರಿಗೇ ಬೇರೆ ನಮೂನೆ ಕೊಟ್ಟಿತು. ಜಮೀನು ಎಷ್ಟು, ತರಿಯೋ ಖುಷ್ಕಿಯೋ, ಏನು ಬೆಳೆ, ಹಿಂದಿನ ಮೂರು ವರ್ಷದ ಆದಾಯ ಎಷ್ಟು, ಗುತ್ತಿಗೆಗೆ ಜಮೀನು ಹಿಡಿದಿದ್ದಾರಾ, ಹಸು-ಎಮ್ಮೆ-ಕುರಿ-ಕೋಳಿ ಎಷ್ಟಿವೆ ಅಂತೆಲ್ಲಾ ಅದರಲ್ಲಿ ಕೇಳುತ್ತೆ. ಜೀವನಾಂಶವನ್ನು ಅರ್ಜಿ ಹಾಕಿದ ದಿನದಿಂದಲೇ ಲೆಕ್ಕ ಹಾಕಬೇಕು ಅಂತಲೂ ಅದೇ ತೀರ್ಪು ಹೇಳಿದೆ. ಹಾಗಾಗಿ ಅರ್ಜಿ ತಡವಾದಷ್ಟೂ ಮಗುವಿಗೆ ನಷ್ಟ.

ನಮ್ಮ ಭಾಗದಲ್ಲಿ ಆದಾಯಕ್ಕೆ ಕಾಗದದ ಜಾಡು ಸಾಕಷ್ಟಿದೆ. ಪಹಣಿಯನ್ನು ಭೂಮಿ ತಂತ್ರಾಂಶದಲ್ಲಿ ಯಾರು ಬೇಕಾದರೂ ನೋಡಬಹುದು. ವರ್ಜೀನಿಯಾ ಹೊಗೆಸೊಪ್ಪು ಬೆಳೆಗಾರರು ತಂಬಾಕು ಮಂಡಳಿಯಲ್ಲಿ ನೋಂದಾಯಿಸಿಕೊಂಡಿರುತ್ತಾರೆ, ಹರಾಜಿನಲ್ಲಿ ಮಾರಿದ ಸೊಪ್ಪಿನ ಹಣ ಬ್ಯಾಂಕ್ ಖಾತೆಗೆ ಬರುತ್ತೆ. ಹಾಲು ಹಾಕುವವರ ಲೆಕ್ಕ ಡೇರಿಯಲ್ಲಿದೆ, ಕಬ್ಬು ಹಾಕುವವರ ಲೆಕ್ಕ ಕಾರ್ಖಾನೆಯಲ್ಲಿದೆ. ಇವೆಲ್ಲವನ್ನೂ ನೀವೇ ತರಬೇಕಿಲ್ಲ, ದಾಖಲೆ ತರಿಸಿ ಅಂತ ಕೋರ್ಟಿಗೆ ಅರ್ಜಿ ಹಾಕಬಹುದು. ಯಾವ ದಾಖಲೆ ಎಲ್ಲಿದೆ ಅಂತ ನಿಮ್ಮ ವಕೀಲರಿಗೆ ಹೇಳಬೇಕಾದವರು ಮಾತ್ರ ನೀವೇ.

ಇನ್ನೊಂದು ಸಮಸ್ಯೆ ಕಾಲದ್ದು. ಶಾಲೆ ಶುರುವಾಗೋದು ಜೂನ್ ಹೊತ್ತಿಗೆ. ಹೊಗೆಸೊಪ್ಪಿನ ದುಡ್ಡು ಬರೋದು ಮಳೆಗಾಲ ಕಳೆದು ಹರಾಜು ಶುರುವಾದ ಮೇಲೆ. ಇಬ್ಬರೂ ಒಪ್ಪಂದಕ್ಕೆ ಬರುವುದಾದರೆ, ತಿಂಗಳ ಖರ್ಚು ಬೇರೆ, ಶಾಲೆ ಶುಲ್ಕ-ಪುಸ್ತಕ-ಬಟ್ಟೆಗೆ ವರ್ಷದ ಮೊತ್ತ ಬೇರೆ, ಆಸ್ಪತ್ರೆ ಖರ್ಚು ಬಂದರೆ ಯಾರು ಎಷ್ಟು ಅಂತ ಬೇರೆ ಬರೆಸೋದು ಒಳ್ಳೆಯದು. ದುಡ್ಡು ಕೈಗೆ ಕೊಡೋದು ಬೇಡ, ಬ್ಯಾಂಕ್ ಖಾತೆಗೇ ಹಾಕಿ. ಕೊಟ್ಟವರಿಗೂ ಪಡೆದವರಿಗೂ ಅದೇ ಸಾಕ್ಷಿ. ಮುಂದೆ ಪರಿಸ್ಥಿತಿ ಬದಲಾದರೆ, ಬೆಳೆ ಹೋದರೆ ಅಥವಾ ಮಗು ಕಾಲೇಜಿಗೆ ಸೇರಿದರೆ, ಮೊತ್ತ ಇಳಿಸಲು ಅಥವಾ ಏರಿಸಲು ಇಬ್ಬರೂ ಅರ್ಜಿ ಹಾಕಬಹುದು.

ಇದು ರಾಜಕೀಯದ ಪ್ರಶ್ನೆಯೂ ಹೌದು

ಇಷ್ಟೆಲ್ಲಾ ಕಾನೂನು ಇದ್ದೂ ಪಂಚಾಯ್ತಿಯ ಲೆಕ್ಕವೇ ಯಾಕೆ ನಡೆಯುತ್ತೆ? ಪಂಚಾಯ್ತಿ ಒಂದು ಸಂಜೆಯಲ್ಲಿ ಮುಗಿಯುತ್ತೆ, ಕೋರ್ಟು ಮುಗಿಯಲ್ಲ. ಚುಂಚನಕಟ್ಟೆಯಿಂದ ಮೈಸೂರಿಗೆ ಸುಮಾರು 55 ಕಿಲೋಮೀಟರ್. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಬಸ್ ಚಾರ್ಜ್ ಉಳಿದಿದೆ, ಸಂತೋಷ. ಆದರೆ ವಾಯಿದೆಗೆ ಹೋದ ದಿನದ ಕೂಲಿ ಉಳಿಯಲ್ಲ. ಗೃಹಲಕ್ಷ್ಮಿಯ 2000 ರೂಪಾಯಿ ಬರೋದು ರೇಷನ್ ಕಾರ್ಡಿನಲ್ಲಿ ಮನೆಯೊಡತಿ ಅಂತ ಇರುವವರಿಗೆ. ಗಂಡನ ಮನೆ ಬಿಟ್ಟು ಬಂದ ಹೆಣ್ಣುಮಗಳ ಹೆಸರಲ್ಲಿ ಬೇರೆ ಕಾರ್ಡ್ ಇಲ್ಲದಿದ್ದರೆ ಅದು ಅತ್ತೆಯ ಖಾತೆಗೋ ಅಮ್ಮನ ಖಾತೆಗೋ ಹೋಗುತ್ತೆ.

ಜರ್ಮನಿಯಲ್ಲಿ ತಂದೆ ಅಥವಾ ತಾಯಿ ಮಗುವಿನ ಜೀವನಾಂಶ ಕೊಡದಿದ್ದರೆ ಸರ್ಕಾರವೇ ನಿಗದಿತ ಮೊತ್ತವನ್ನು ಮುಂಗಡವಾಗಿ ಕೊಟ್ಟು, ಕೊಡಬೇಕಾದವರಿಂದ ಆಮೇಲೆ ವಸೂಲಿ ಮಾಡುತ್ತೆ. ಬೆನ್ನು ಹತ್ತುವ ಕೆಲಸ ಸರ್ಕಾರದ್ದು, ಮಗುವಿನ ಊಟ ಅದಕ್ಕಾಗಿ ಕಾಯಲ್ಲ. ನಮ್ಮಲ್ಲಿ ಆ ಬೆನ್ನಟ್ಟುವ ಕೆಲಸವನ್ನು ದುಡ್ಡಿಲ್ಲದ ಅಮ್ಮನ ಮೇಲೇ ಹೊರಿಸಿದ್ದೇವೆ. ಗ್ಯಾರಂಟಿಗಳ ಬಗ್ಗೆ ಇಷ್ಟು ಚರ್ಚೆ ಮಾಡುವ ನಾವು, ಕೋರ್ಟು ಆದೇಶಿಸಿದ ಮಗುವಿನ ಜೀವನಾಂಶಕ್ಕೆ ಸರ್ಕಾರ ಮುಂಗಡ ಕೊಟ್ಟು ವಸೂಲಿ ಮಾಡಲಿ ಅನ್ನುವ ಬೇಡಿಕೆಯನ್ನು ಯಾವ ಪಕ್ಷದ ಮುಂದೆಯೂ ಇಟ್ಟಿಲ್ಲ. ಇಡಬೇಕು ಅನ್ನೋದು ನನ್ನ ವಾದ.

ಅಲ್ಲಿಯವರೆಗೆ ಇರುವುದನ್ನು ಬಳಸೋಣ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಸೆಕ್ಷನ್ 12ರ ಪ್ರಕಾರ ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರ ನೆರವು ಸಿಗಬೇಕು. ತಾಲ್ಲೂಕು ಕೋರ್ಟಿನ ಆವರಣದಲ್ಲೇ ತಾಲ್ಲೂಕು ಕಾನೂನು ಸೇವಾ ಸಮಿತಿ ಇರುತ್ತೆ. ಸಹಾಯವಾಣಿ 15100. ಸೆಕ್ಷನ್ 144ರ ಅರ್ಜಿಯನ್ನು ಹೆಂಡತಿ ಈಗ ವಾಸವಿರುವ ಜಿಲ್ಲೆಯಲ್ಲೂ ಹಾಕಬಹುದು, ಗಂಡನ ಊರು ಹುಡುಕಿಕೊಂಡು ಹೋಗಬೇಕಿಲ್ಲ.

ಮುಂದಿನ ಸಲ ನಿಮ್ಮ ಊರಲ್ಲಿ ಇಂಥ ನ್ಯಾಯ ಸೇರಿದಾಗ ನೀವು ಅಲ್ಲಿದ್ದರೆ, ಯಾರ ಪರವೂ ಮಾತಾಡಬೇಕಿಲ್ಲ. ಮಗುವಿನ ಖರ್ಚನ್ನು ಬೇರೆ ಹಾಳೆಯಲ್ಲಿ ಬರೆಯಿರಿ ಅಂತ ಒಂದು ಮಾತು ಹೇಳಿ. ಎಷ್ಟು, ಯಾವ ತಾರೀಖಿಗೆ, ಯಾವ ಖಾತೆಗೆ. ಆ ಹಾಳೆ ಹಿಡಿದು ಕೋರ್ಟಿಗೆ ಹೋಗಿ, ಅಲ್ಲಿ ಅದನ್ನು ಆದೇಶ ಮಾಡಿಸಿಕೊಳ್ಳಲು ಹೇಳಿ.